ಆರ್‌ಸಿ ಕಾರುಗಳು ಹತ್ತು ದಾಟಿದ ಮೇಲೆ ಸಂಭಾಳಿಸುವುದು ಹೇಗೆ?

ಹೋದ ಮಳೆಗಾಲ ಮುಗಿದ ಮೊದಲ ಭಾನುವಾರ ಅಕ್ಕನ ಮಗ ಬಂದಿದ್ದ. "ಮಾಮ, ಕಾರು ಓಡಿಸೋಣ" ಅಂದ. ಬೀರು ತೆಗೆದೆ. ಒಳಗೆ 11 ಆರ್‌ಸಿ ಕಾರುಗಳು, ಅಂದರೆ ರಿಮೋಟಿನಿಂದ ಓಡಿಸುವ ಪುಟ್ಟ ಕಾರುಗಳು. ಒಂದರ ಬ್ಯಾಟರಿ ಊದಿಕೊಂಡಿತ್ತು. ಒಂದರ ರಿಮೋಟು ಸಿಗಲೇ ಇಲ್ಲ. ಇನ್ನೊಂದರ ಸರ್ವೋವನ್ನು (ಚಕ್ರಗಳನ್ನು ಎಡಬಲ ತಿರುಗಿಸುವ ಪುಟ್ಟ ಮೋಟಾರು) ನಾನೇ ಬಿಚ್ಚಿ ಬೇರೆ ಕಾರಿಗೆ ಹಾಕಿ ಮರೆತಿದ್ದೆ. ಮೂರರ ಬೇರಿಂಗುಗಳು ತುಕ್ಕು ಹಿಡಿದು ಚಕ್ರ ಅಲ್ಲಾಡಲಿಲ್ಲ. ಎಲ್ಲ ಗುದ್ದಾಡಿ ಕೊನೆಗೆ ಓಡಿದ್ದು ಎರಡು. ಅಮ್ಮ ಅಡುಗೆಮನೆಯಿಂದಲೇ ಹೇಳಿದರು: "ಎರಡು ಓಡಿಸೋಕೆ ಹನ್ನೊಂದು ಯಾಕಪ್ಪಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಆರು ತಿಂಗಳು ಕೂತು ಎಲ್ಲವನ್ನೂ ಒಂದು ಹದಕ್ಕೆ ತಂದೆ. ಈಗ ಕಾರುಗಳು 14 ಆಗಿವೆ, ಆದರೆ ಯಾವ ಭಾನುವಾರ ಕೇಳಿದರೂ ಹತ್ತಾದರೂ ಓಡುತ್ತವೆ. ಹೇಗೆ ಅಂತ ಕ್ರಮವಾಗಿ ಹೇಳುತ್ತೇನೆ. ಕಾರು ಎರಡು ಮೂರು ಇರುವವರಿಗೆ ಇದೆಲ್ಲ ಜಾಸ್ತಿ ಅನ್ನಿಸಬಹುದು. ಐದು ದಾಟಿದವರು ಮಾತ್ರ ಈಗಲೇ ಶುರು ಮಾಡಿ.

ಹೆಜ್ಜೆ 1: ಎಲ್ಲವನ್ನೂ ನೆಲಕ್ಕೆ ಇಳಿಸಿ

ಒಂದು ದಿನ ಪೂರ್ತಿ ಬಿಡುವು ಮಾಡಿಕೊಳ್ಳಿ. ಹಳೆಯ ಬೆಡ್‌ಶೀಟ್ ಹಾಸಿ ಕಾರು, ರಿಮೋಟು, ಬ್ಯಾಟರಿ, ಚಾರ್ಜರು, ಬಿಡಿಭಾಗದ ಡಬ್ಬಿ, ಸೋಫಾ ಕೆಳಗೆ ಸಿಕ್ಕ ಒಂಟಿ ಚಕ್ರ, ಎಲ್ಲವನ್ನೂ ತಂದು ಸುರಿಯಿರಿ. ಮೊದಲು ಬ್ಯಾಟರಿಗಳನ್ನು ಬೇರೆ ಮಾಡಿ, ಅವುಗಳ ಕಥೆ ಮುಂದೆ ಬರುತ್ತದೆ. ನಂತರ ಕಾರುಗಳನ್ನು ಮೂರು ಸಾಲು ಮಾಡಿ: ಈಗಲೇ ಓಡುವವು, ರಿಪೇರಿಗೆ ಕಾದಿರುವವು, ಬರೀ ನೋಡುವುದಕ್ಕೆ ಇಟ್ಟುಕೊಂಡವು.

ಮೂರನೇ ಸಾಲಿನ ಬಗ್ಗೆ ಪ್ರಾಮಾಣಿಕವಾಗಿರಿ. "ಯಾವತ್ತಾದರೂ ಓಡಿಸ್ತೀನಿ" ಅನ್ನುವ ಕಾರು ಸಾಮಾನ್ಯವಾಗಿ ನೋಡುವ ಕಾರು. ಅದರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕೆ ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಭಾಗ), ಸರ್ವೋ, ಬ್ಯಾಟರಿ ಕಟ್ಟಿಹಾಕುವುದು ದಂಡ. ಬಿಚ್ಚಿ ಓಡುವ ಕಾರುಗಳಿಗೆ ಕೊಡಿ. ನನ್ನ ಮನೆಯಲ್ಲಿ ಇದೊಂದರಿಂದಲೇ ಎರಡು ಸರ್ವೋ, ಮೂರು ರಿಸೀವರ್ ಉಳಿದವು.

ಹೆಜ್ಜೆ 2: ಒಂದು ರಿಜಿಸ್ಟರ್

ಮೊಬೈಲಿನ ಶೀಟು ಆಗಬಹುದು, ನೋಟ್‌ಬುಕ್ ಆಗಬಹುದು. ನಾನು ಕಿರಾಣಿ ಅಂಗಡಿಯವರು ಲೆಕ್ಕ ಬರೆಯುವ ಉದ್ದ ಪುಸ್ತಕವನ್ನೇ ಬಳಸುತ್ತೇನೆ. ಗ್ರೀಸ್ ಮೆತ್ತಿದ ಕೈಯಲ್ಲಿ ಮೊಬೈಲ್ ಹಿಡಿಯುವುದಕ್ಕಿಂತ ಅದೇ ಸಲೀಸು.

ಪ್ರತಿ ಕಾರಿಗೆ ಒಂದು ನಂಬರು ಕೊಡಿ. ಅದನ್ನು ಚಾಸಿಸ್‌ನ (ಕಾರಿನ ಅಡಿಚೌಕಟ್ಟು) ಅಡಿಗಲ್ಲ, ಒಳಭಾಗಕ್ಕೆ ಅಂಟಿಸಿ. ಅಡಿಗೆ ಅಂಟಿಸಿದ್ದು ಒಂದೇ ಓಟಕ್ಕೆ ಉಜ್ಜಿ ಹೋಗುತ್ತದೆ. ಪುಸ್ತಕದಲ್ಲಿ ಒಂದು ಕಾರಿಗೆ ಒಂದು ಪುಟ. ಚೆಂದದ ವಿವರ ಬೇಡ, ರಿಪೇರಿ ಹೊತ್ತಿಗೆ ಬೇಕಾಗುವುದು ಮಾತ್ರ ಬರೆಯಿರಿ. ಉದಾಹರಣೆಗೆ ನನ್ನ 3ನೇ ನಂಬರಿನ ಕಾರು, ಜಪಾನಿನ ತಮಿಯಾ ಕಂಪನಿಯ ಟಿಟಿ-02: ಸ್ಪರ್ ಗೇರ್ (ದೊಡ್ಡ ಗೇರು) 70 ಹಲ್ಲು, ಪಿನಿಯನ್ (ಮೋಟಾರಿನ ಪುಟ್ಟ ಗೇರು) 22 ಹಲ್ಲು, 0.6 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ). ಬೇರಿಂಗ್ 5×11×4 ಮಿ.ಮೀ., ಚಕ್ರದ ಹೆಕ್ಸ್ (ಚಕ್ರ ಕೂರುವ ಆರು ಮೂಲೆಯ ತುಂಡು) 12 ಮಿ.ಮೀ., ರಿಮೋಟಿನಲ್ಲಿ ಮಾಡೆಲ್ 3 (ಇದರ ಕಥೆ ಹೆಜ್ಜೆ 5ರಲ್ಲಿ). ಕೆಳಗೆ ಡಿಫ್ (ಎಡಬಲ ಚಕ್ರಗಳಿಗೆ ವೇಗ ಹಂಚುವ ಗೇರು) ಮತ್ತು ಶಾಕ್ ಅಬ್ಸಾರ್ಬರ್‌ಗೆ ಯಾವ ಆಯಿಲ್ ಹಾಕಿದ್ದೇನೆ, ಯಾವಾಗ ಬದಲಾಯಿಸಿದೆ, ಏನು ಮುರಿದಿದೆ.

ಇಷ್ಟೆಲ್ಲ ಯಾಕೆ ಅಂದರೆ, 0.6 ಮಾಡ್ಯೂಲ್ ಪಿನಿಯನ್ ಮತ್ತು 48 ಪಿಚ್ ಪಿನಿಯನ್ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಪಿಚ್ ಅನ್ನುವುದು ಹಲ್ಲಿನ ಗಾತ್ರದ ಇನ್ನೊಂದು ಅಳತೆ, 48 ಪಿಚ್ ಅಂದರೆ ಸುಮಾರು 0.53 ಮಾಡ್ಯೂಲ್. ತಪ್ಪಿ ಕೂರಿಸಿದರೆ ಹಲ್ಲುಗಳು ಸರಿಯಾಗಿ ಕಚ್ಚುವುದಿಲ್ಲ, ಕಿರ್ರೋ ಅನ್ನುತ್ತಾ ಪ್ಲಾಸ್ಟಿಕ್ ಸ್ಪರ್ ಬೋಳಾಗುತ್ತದೆ. ಹಾಗೆ ಎರಡು ಸ್ಪರ್ ಕಳೆದುಕೊಂಡ ಮೇಲೆ ನನಗೆ ಬರೆಯುವ ಅಭ್ಯಾಸ ಬಂದಿದ್ದು.

ಹೆಜ್ಜೆ 3: ಬ್ಯಾಟರಿಗಳು

ಕಾರುಗಳು ಜಾಸ್ತಿಯಾದರೆ ಜಾಗ ಸಾಲದು ಅಂತ ಎಲ್ಲರೂ ಹೆದರುತ್ತಾರೆ. ಹೆದರಬೇಕಾದ್ದು ಬ್ಯಾಟರಿಗೆ. ಕಾರು ಒಂದು ವರ್ಷ ಸುಮ್ನೆ ಕೂತರೆ ದೂಳು ಹಿಡಿಯುತ್ತದೆ, ಅಷ್ಟೆ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಫುಲ್ ಚಾರ್ಜಿನಲ್ಲೋ ಪೂರ್ತಿ ಖಾಲಿಯಾಗಿಯೋ ಕೂತರೆ ಕೆಡುತ್ತದೆ, ಕೆಟ್ಟದ್ದು ಒಮ್ಮೊಮ್ಮೆ ಬೆಂಕಿಯನ್ನೂ ಹಚ್ಚುತ್ತದೆ.

ನಾಲ್ಕು ಅಂಕಿ ನೆನಪಿಡಿ. ಲಿಪೋದ ಒಂದು ಸೆಲ್ಲಿನ ಹೆಸರಿನ ವೋಲ್ಟೇಜು 3.7. ಫುಲ್ ಆದಾಗ 4.2. ಯಾವ ಕಾರಣಕ್ಕೂ ಇಳಿಯಬಾರದ ಮಟ್ಟ 3.0. ಎತ್ತಿಡುವಾಗ ಇರಬೇಕಾದ್ದು ಸುಮಾರು 3.8. ಅಂದರೆ 2ಎಸ್ ಪ್ಯಾಕ್ (ಎರಡು ಸೆಲ್ಲಿನದು) ಫುಲ್ಲಾದರೆ 8.4 ವೋಲ್ಟ್, ಎತ್ತಿಡುವಾಗ 7.6ರ ಆಸುಪಾಸು. ಒಳ್ಳೆಯ ಚಾರ್ಜರುಗಳಲ್ಲಿ ಇದಕ್ಕೆಂದೇ ಸ್ಟೋರೇಜ್ ಮೋಡ್ ಇರುತ್ತದೆ. ನನ್ನ ಕಟ್ಟಪ್ಪಣೆ ಇಷ್ಟು: ಓಡಿಸುವ ದಿನ ಬೆಳಿಗ್ಗೆ ಫುಲ್ ಚಾರ್ಜ್, ವಾಪಸ್ ಬಂದ ರಾತ್ರಿಯೇ ಸ್ಟೋರೇಜ್. ಶನಿವಾರವೇ ಚಾರ್ಜ್ ಮಾಡಿಟ್ಟು ಭಾನುವಾರ ಮಳೆ ಬಂತು ಅನ್ನಿ. ನಮ್ಮ ಶಿವಮೊಗ್ಗದಲ್ಲಿ ಅದು ಮಾಮೂಲು. ಆ ಬ್ಯಾಟರಿ ಮುಂದಿನ ಭಾನುವಾರದವರೆಗೆ ಫುಲ್ಲಾಗಿಯೇ ಕೂರುತ್ತದೆ. ಆಯಸ್ಸು ಕಡಿಮೆಯಾಗುವುದು ಹೀಗೆಯೇ.

ಬ್ಯಾಟರಿಗಳಿಗೂ ನಂಬರು ಹಾಕಿ. ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೊಂಡ ತಿಂಗಳು, ಎಷ್ಟು ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ), ಚಾರ್ಜ್ ಕರೆಂಟು ಬರೆಯಿರಿ. ಕೊನೆಯದು ಬಹಳ ಮುಖ್ಯ. 5000 ಎಂಎಎಚ್ ಪ್ಯಾಕನ್ನು 5 ಆಂಪಿಯರಿಗೆ ಚಾರ್ಜ್ ಮಾಡುತ್ತೇವೆ, 1500ರ ಪುಟ್ಟ ಪ್ಯಾಕಿಗೆ 1.5 ಸಾಕು. ಎಷ್ಟೋ ಚಾರ್ಜರುಗಳು ಹಿಂದಿನ ಸಲದ ಸೆಟ್ಟಿಂಗನ್ನೇ ನೆನಪಿಟ್ಟುಕೊಳ್ಳುತ್ತವೆ. ದೊಡ್ಡದು ಮುಗಿದ ಮೇಲೆ ಚಿಕ್ಕದನ್ನು ಸಿಕ್ಕಿಸಿ, ನೋಡದೆ ಬಟನ್ ಒತ್ತಿದರೆ ಮೂರು ಪಟ್ಟು ಕರೆಂಟು ನುಗ್ಗುತ್ತದೆ. ಕಾರುಗಳ ಅಳತೆ ಬೇರೆಬೇರೆ ಇರುವ ಮನೆಯಲ್ಲಿ ಈ ತಪ್ಪು ಆಗಿಯೇ ಆಗುತ್ತದೆ. ಟೇಪಿನ ಮೇಲೆ "1.5" ಅಂತ ದಪ್ಪಗೆ ಬರೆದಿದ್ದರೆ ಕೈ ಒಂದು ಕ್ಷಣ ನಿಲ್ಲುತ್ತದೆ. ಚಾರ್ಜ್ ಮಾಡುವುದು ಯಾವಾಗಲೂ ಬ್ಯಾಲೆನ್ಸ್ ಮೋಡಿನಲ್ಲಿ (ಎಲ್ಲ ಸೆಲ್ಲುಗಳನ್ನೂ ಸಮ ಮಟ್ಟಕ್ಕೆ ತರುವುದು), ಬಿಳಿ ಪುಟ್ಟ ಕನೆಕ್ಟರನ್ನೂ ಸಿಕ್ಕಿಸಿಯೇ. ನಿಕಲ್ ಬ್ಯಾಟರಿಗಳೂ ಇದ್ದರೆ ಅವಕ್ಕೆ ಬೇರೆ ಡಬ್ಬಿ, ಬೇರೆ ಬಣ್ಣದ ಟೇಪು. 7.2 ವೋಲ್ಟಿನ ನಿಕಲ್ ಪ್ಯಾಕಿಗೂ 7.4ರ ಲಿಪೋಗೂ ಕಣ್ಣು ಮೋಸಹೋಗುವುದು ಸುಲಭ. ಲಿಪೋವನ್ನು ನಿಕಲ್ ಮೋಡಿನಲ್ಲಿ ಚಾರ್ಜ್ ಮಾಡುವುದು ಈ ಹವ್ಯಾಸದ ಅತಿ ಅಪಾಯದ ತಪ್ಪು.

ಇಎಸ್‌ಸಿಯ (ಮೋಟಾರಿನ ವೇಗ ನಿಯಂತ್ರಿಸುವ ಭಾಗ) ಕಡೆಯೂ ಇದೇ ಗೋಜಲಿದೆ. ಲಿಪೋ ಸೆಟ್ಟಿಂಗ್ ಇಟ್ಟಾಗ ಮಾತ್ರ ಅದು ವೋಲ್ಟೇಜ್ ಇಳಿಯುತ್ತಲೇ ಕಾರನ್ನು ನಿಲ್ಲಿಸುತ್ತದೆ. ನಿಕಲ್ ಸೆಟ್ಟಿಂಗಿನಲ್ಲಿದ್ದರೆ ಲಿಪೋ ಸಾಯುವವರೆಗೂ ಓಡಿಸುತ್ತದೆ. ಹಳೆಯ ಕಾರುಗಳಲ್ಲಿ ಆ ಸೌಲಭ್ಯವೇ ಇರುವುದಿಲ್ಲ. ಅಂಥವಕ್ಕೆ ಬ್ಯಾಲೆನ್ಸ್ ಕನೆಕ್ಟರಿಗೆ ಸಿಕ್ಕಿಸುವ, ವೋಲ್ಟೇಜ್ ಇಳಿದರೆ ಕೂಗುವ ಪುಟ್ಟ ಬಜರ್ ಹಾಕಿ. ಆದರೆ ಓಟ ಮುಗಿದ ಮೇಲೆ ಕಿತ್ತಿಡಿ. ಅದನ್ನು ಹಾಗೇ ಬಿಟ್ಟರೆ, ಕಾಯಬೇಕಾದ ಬ್ಯಾಟರಿಯನ್ನು ಅದೇ ನಿಧಾನವಾಗಿ ಕುಡಿದು ಮುಗಿಸುತ್ತದೆ. ಇಎಸ್‌ಸಿಯ ಸ್ವಿಚ್ ಆಫ್ ಮಾಡಿದರೆ ಸಾಲದು, ಬ್ಯಾಟರಿಯ ಪ್ಲಗ್ ಎಳೆಯಲೇಬೇಕು. ನನ್ನ ಊದಿದ ಪ್ಯಾಕ್‌ಗಳಲ್ಲಿ ಅರ್ಧಕ್ಕರ್ಧ ಕಾರಿನೊಳಗೆ ಮರೆತವೇ.

ಎಲ್ಲಿಡುವುದು? ಅಟ್ಟದ ಮೇಲಂತೂ ಬೇಡ, ಏಪ್ರಿಲ್ ತಿಂಗಳಲ್ಲಿ ತಾರಸಿಯ ಕೆಳಗಿನ ಅಟ್ಟ ಒಲೆಯ ಹಾಗಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೂ ಬೇಡ. ನಾನು ಬೆಂಕಿ ತಡೆಯುವ ಲಿಪೋ ಬ್ಯಾಗುಗಳಲ್ಲಿ ಹಾಕಿ, ಹಳೆಯ ಕಬ್ಬಿಣದ ಟ್ರಂಕಿನಲ್ಲಿ, ಹಜಾರದ ಮೂಲೆಯಲ್ಲಿ ಇಟ್ಟಿದ್ದೇನೆ. ಪರದೆ, ಪೇಪರು, ಸೋಫಾ ಯಾವುದೂ ಹತ್ತಿರವಿಲ್ಲ. ಟ್ರಂಕಿನ ಮುಚ್ಚಳಕ್ಕೆ ಗಾಳಿಯಾಡುವ ತೂತು ಕೊರೆದಿದ್ದೇನೆ, ಒಳಗೆ ಹೊಗೆ ಎದ್ದರೆ ಒತ್ತಡ ಕಟ್ಟಬಾರದು ಅಂತ. ಚಾರ್ಜ್ ಮಾಡುವುದು ಬರೀ ನೆಲದ ಟೈಲ್ಸ್ ಮೇಲೆ, ನಾನು ಅದೇ ಕೋಣೆಯಲ್ಲಿ ಇರುವಾಗ. ರಾತ್ರಿ ಹಾಕಿ ಮಲಗುವುದಿಲ್ಲ.

ಊದಿದ ಪ್ಯಾಕನ್ನು ಮತ್ತೆ ಚಾರ್ಜ್ ಮಾಡಬೇಡಿ. "ಇನ್ನೊಂದು ಸಲ ನೋಡೋಣ" ಅನ್ನಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಮನೆಯ ಹೊರಗೆ, ಇಟ್ಟಿಗೆಯ ಮೇಲೆ ಇಟ್ಟು, 12 ವೋಲ್ಟಿನ ವಾಹನದ ಬಲ್ಬಿಗೆ ಜೋಡಿಸಿ 2ಎಸ್, 3ಎಸ್ ಪ್ಯಾಕುಗಳನ್ನು ಪೂರ್ತಿ ಖಾಲಿ ಮಾಡಬಹುದು. ಬಲ್ಬು ಆರಿದ ಮೇಲೂ ಒಂದು ದಿನ ಬಿಡಿ, ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ. ಉಪ್ಪು ನೀರಲ್ಲಿ ಮುಳುಗಿಸುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ನೀರಲ್ಲಿ ಪ್ಲಗ್ಗು, ತಂತಿಗಳು ಮೊದಲು ಕೊಳೆತು ಸಂಪರ್ಕ ಕಡಿಯುತ್ತದೆ, ಸೆಲ್ಲಿನಲ್ಲಿ ಚಾರ್ಜ್ ಉಳಿದೇ ಇರುತ್ತದೆ.

ವಿಮಾನದಲ್ಲಿ ಒಯ್ಯುವವರಿಗೆ ಒಂದು ಮಾತು: ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿನದಕ್ಕೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಡ. 7.4 ವೋಲ್ಟಿನ 5000 ಎಂಎಎಚ್ ಪ್ಯಾಕ್ ಅಂದರೆ 37 ವ್ಯಾಟ್-ಅವರ್. ಪ್ಲಗ್ಗಿಗೆ ಟೇಪು ಸುತ್ತಿರಿ.

ಹೆಜ್ಜೆ 4: ಎಲ್ಲಕ್ಕೂ ಒಂದೇ ಪ್ಲಗ್

ಕಂಪನಿಗೊಂದು ಪ್ಲಗ್. ತಮಿಯಾದ ಬಿಳಿ ಪ್ಲಗ್, ಟಿ-ಪ್ಲಗ್, ಎಕ್ಸ್‌ಟಿ60, ಇಸಿ5, ಟ್ರಾಕ್ಸಸ್‌ನದೇ ಬೇರೆ. ಹಾಗಾಗಿ ಬ್ಯಾಟರಿ ಎಂಟು ಇದ್ದರೂ ಕೈಯಲ್ಲಿರುವ ಕಾರಿಗೆ ಹೊಂದುವುದು ಎರಡೇ. ಒಂದನ್ನು ಆರಿಸಿ ಎಲ್ಲ ಕಾರುಗಳನ್ನೂ ಅದಕ್ಕೆ ಬದಲಾಯಿಸಿ. 1/10 ಅಳತೆಯ (ನಿಜವಾದ ಕಾರಿನ ಹತ್ತನೇ ಒಂದರಷ್ಟು) 2ಎಸ್, 3ಎಸ್ ಕಾರುಗಳಿಗೆ ಎಕ್ಸ್‌ಟಿ60 ಸಾಕು. ಎಲ್ಲ ಕಡೆ ಸಿಗುತ್ತದೆ, ಅಗ್ಗ, ತಿರುವುಮುರುವಾಗಿ ಸಿಕ್ಕಿಸಲು ಆಗುವುದಿಲ್ಲ. ಪುಟಾಣಿ ಕಾರುಗಳನ್ನು ಅವುಗಳ ಪಾಡಿಗೆ ಬಿಡಿ.

ಬೆಸುಗೆ ಬರದಿದ್ದರೆ ಮೊಬೈಲ್ ರಿಪೇರಿ ಅಂಗಡಿಯವರಿಂದ ಮಾಡಿಸಿ, ಆದರೆ ಎದುರೇ ನಿಂತಿರಿ. ಬ್ಯಾಟರಿಯ ಎರಡೂ ತಂತಿಯನ್ನು ಒಟ್ಟಿಗೆ ಕತ್ತರಿಸಿದರೆ ಕಟರಿನ ಮೂಲಕವೇ ಶಾರ್ಟ್ ಆಗುತ್ತದೆ, ಕಟರಿನ ಬಾಯಿ ಕರಗುತ್ತದೆ. ಒಂದು ತಂತಿ ಕತ್ತರಿಸಿ, ಬೆಸೆದು, ಬೆಸುಗೆ ಮುಚ್ಚುವ ಟ್ಯೂಬ್ ಹಾಕಿ, ಆಮೇಲೆ ಇನ್ನೊಂದು. ಬ್ಯಾಟರಿ ಕಡೆಗೆ ಹೆಣ್ಣು ಪ್ಲಗ್, ಕಾರಿನ ಕಡೆಗೆ ಗಂಡು. ಅಡಾಪ್ಟರ್ ಹಾಕಿದರೆ ಆಗಲ್ವಾ? ಆಗುತ್ತದೆ. ಒಂದು ತಿಂಗಳು. ಆಮೇಲೆ ಅದನ್ನು ಹುಡುಕುವುದೇ ಕೆಲಸ.

ಹೆಜ್ಜೆ 5: ರಿಮೋಟುಗಳನ್ನು ಕಡಿಮೆ ಮಾಡಿ

11 ಕಾರಿಗೆ 11 ರಿಮೋಟು, ಒಂದೊಂದಕ್ಕೂ ನಾಲ್ಕು ಸೆಲ್. ಸೋರಿದ ಸೆಲ್ಲಿನಿಂದ ಹಸಿರುಗಟ್ಟಿದ ರಿಮೋಟು ನಿಮ್ಮಲ್ಲೂ ಒಂದಾದರೂ ಇರಬೇಕು. ಮಾಡೆಲ್ ಮೆಮೊರಿ (ಒಂದೊಂದು ಕಾರಿನ ಸೆಟ್ಟಿಂಗನ್ನೂ ಬೇರೆಬೇರೆ ನೆನಪಿಡುವ ಸೌಲಭ್ಯ) ಇರುವ ಒಂದು ಒಳ್ಳೆಯ ರಿಮೋಟು ಕೊಂಡು, ಅದಕ್ಕೆ ಹೊಂದುವ ರಿಸೀವರನ್ನು ಪ್ರತಿ ಕಾರಿಗೂ ಹಾಕಿಸಿ. ಫ್ಲೈಸ್ಕೈ, ರೇಡಿಯೋಲಿಂಕ್‌ನಂಥವು ಜೇಬಿಗೆ ಅಷ್ಟೇನೂ ಭಾರವಲ್ಲ. ಎಲ್ಲವೂ 2.4 ಗಿಗಾಹರ್ಟ್ಸ್ ಆದರೂ ಒಂದು ಕಂಪನಿಯ ರಿಮೋಟು ಇನ್ನೊಂದರ ರಿಸೀವರ್ ಜೊತೆ ಮಾತಾಡುವುದಿಲ್ಲ, ಒಂದೇ ಕಂಪನಿಯಲ್ಲೂ ತಲೆಮಾರು ಬೇರೆಯಾದರೆ ಕೆಲವು ಹೊಂದುವುದಿಲ್ಲ. ಕೊಳ್ಳುವ ಮುಂಚೆ ಕೇಳಿ. ಇಎಸ್‌ಸಿ, ರಿಸೀವರ್ ಒಂದೇ ಡಬ್ಬಿಯಲ್ಲಿ ಇರುವ ಅಗ್ಗದ ಕಾರುಗಳನ್ನು ಮಾತ್ರ ಮೂಲ ರಿಮೋಟಿನಲ್ಲೇ ಓಡಿಸಿ. ಆ ರಿಮೋಟಿಗೆ ಕಾರಿನ ನಂಬರು ಅಂಟಿಸಿ, ಸೆಲ್ ತೆಗೆದಿಡಿ.

ರಿಜಿಸ್ಟರಿನ ಕಾರಿನ ನಂಬರೇ ರಿಮೋಟಿನ ಮಾಡೆಲ್ ನಂಬರು ಆಗಿರಲಿ. ತಪ್ಪು ಮಾಡೆಲ್ ಆರಿಸಿದರೆ ಎಡಕ್ಕೆ ತಿರುಗಿಸಿದಾಗ ಕಾರು ಬಲಕ್ಕೆ ಹೋಗಬಹುದು. ಬಲಕ್ಕೆ ಸಾಮಾನ್ಯವಾಗಿ ಕಾಂಪೌಂಡ್ ಗೋಡೆ ಇರುತ್ತದೆ.

ಫೇಲ್‌ಸೇಫ್ (ರಿಮೋಟಿನ ಸಂಪರ್ಕ ತಪ್ಪಿದರೆ ಕಾರು ನಿಲ್ಲುವ ಏರ್ಪಾಡು) ಪ್ರತಿ ರಿಸೀವರಿಗೂ ಬೇರೆಬೇರೆಯಾಗಿ ಸೆಟ್ ಮಾಡಬೇಕು. ಪರೀಕ್ಷೆ ಸುಲಭ: ಕಾರನ್ನು ಸ್ಟ್ಯಾಂಡಿನ ಮೇಲೆ ಇಟ್ಟು, ಚಕ್ರ ಗಾಳಿಯಲ್ಲಿ ನಿಧಾನವಾಗಿ ತಿರುಗುವಾಗ ರಿಮೋಟು ಆಫ್ ಮಾಡಿ. ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ ಆ ಕಾರು ಮೈದಾನಕ್ಕೆ ಬೇಡ. ಆನ್ ಮಾಡುವಾಗ ಮೊದಲು ರಿಮೋಟು, ಆಮೇಲೆ ಕಾರು. ಆಫ್ ಮಾಡುವಾಗ ಮೊದಲು ಕಾರು.

ಹೆಜ್ಜೆ 6: ಬಿಡಿಭಾಗ, ಬೇರಿಂಗು, ತಿರುಪು

ಬಿಡಿಭಾಗಗಳ ಡಬ್ಬಿಯನ್ನು ಕಾರಿಗೊಂದು ಮಾಡಬೇಡಿ, ಚಾಸಿಸ್ ವಂಶಕ್ಕೊಂದು ಮಾಡಿ. ಟ್ರಾಕ್ಸಸ್‌ನ, ಎರಡು ಚಕ್ರಕ್ಕೆ ಮಾತ್ರ ಮೋಟಾರಿನ ಬಲ ಬರುವ ಸ್ಲ್ಯಾಶ್, ರಸ್ಟ್ಲರ್, ಸ್ಟಾಂಪೀಡ್ ಮೂರೂ ಹೊರಗೆ ಬೇರೆ, ಒಳಗೆ ಬಹಳಷ್ಟು ಒಂದೇ. ಡಬ್ಲ್ಯುಎಲ್ ಟಾಯ್ಸ್‌ನ 144001 ಮತ್ತು 124019 ಕೂಡ ಹಾಗೆಯೇ. ಹೊಸ ಕಾರು ಕೊಳ್ಳುವಾಗ ನಾನು ಮೊದಲು ನೋಡುವುದು ಇದನ್ನೇ: ನನ್ನಲ್ಲಿರುವ ಡಬ್ಬಿಯ ಭಾಗ ಇದಕ್ಕೆ ಹೊಂದುತ್ತದೆಯೇ? ಹೊಸ ವಂಶದ ಕಾರು ಅಂದರೆ ಹೊಸ ಆರ್ಮ್ (ಚಕ್ರ ಹಿಡಿಯುವ ತೋಳು), ಹೊಸ ಗೇರು, ಹೊಸ ಆಕ್ಸಲ್, ಹೊಸ ಡಬ್ಬಿ.

ಬೇರಿಂಗುಗಳನ್ನು ಆರ್‌ಸಿ ಅಂಗಡಿಯಿಂದಲೇ ತರಿಸಬೇಕಿಲ್ಲ. ಊರಿನ ಬೇರಿಂಗ್ ಅಂಗಡಿಯಲ್ಲಿ "ಆಟದ ಕಾರಿನದು" ಅಂದರೆ ನಕ್ಕು ಇಲ್ಲ ಅನ್ನುತ್ತಾರೆ. ನಂಬರು ಹೇಳಿ. 5×11×4 ಅಂದರೆ ಎಂಆರ್115, 5×10×4 ಅಂದರೆ ಎಂಆರ್105, 10×15×4 ಅಂದರೆ 6700, 8×16×5 ಅಂದರೆ 688. ಅಂಗಡಿಯಲ್ಲಿ ಇಲ್ಲದಿದ್ದರೂ ತರಿಸಿ ಕೊಡುತ್ತಾರೆ. ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆ, ಎಸ್‌ಪಿ ರಸ್ತೆ ಸುತ್ತಿದರೆ ಬೇರಿಂಗು, ತಿರುಪು, ತಂತಿ, ಪ್ಲಗ್ ಎಲ್ಲ ಒಂದೇ ಮಧ್ಯಾಹ್ನದಲ್ಲಿ ಆಗುತ್ತದೆ. ಭಾನುವಾರ ಮಾತ್ರ ಹೋಗಬೇಡಿ.

ಹತ್ಯಾರಗಳಲ್ಲಿ 1.5, 2, 2.5, 3 ಮಿ.ಮೀ.ನ ಒಳ್ಳೆಯ ಹೆಕ್ಸ್ ಡ್ರೈವರ್, 5.5 ಮತ್ತು 7 ಮಿ.ಮೀ.ನ ನಟ್ ಡ್ರೈವರ್ ಇದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಕಾರಿನ ಜೊತೆ ಬರುವ ಎಲ್ ಆಕಾರದ ಕೀಗಳನ್ನು ಎಸೆಯಿರಿ, ತಿರುಪಿನ ತಲೆ ಬೋಳಾಗುವುದು ಅವುಗಳಿಂದಲೇ. ತಮಿಯಾದ ಪ್ಲಸ್ ತಿರುಪುಗಳು ಜಪಾನಿನ ಜೆಐಎಸ್ ಅಳತೆಯವು, ಮಾಮೂಲಿ ಪ್ಲಸ್ ಸ್ಕ್ರೂಡ್ರೈವರ್ ಅವುಗಳ ತಲೆ ಕೆಡಿಸುತ್ತದೆ.

ಹೆಜ್ಜೆ 7: ಓಡಿಸಿದ ಮೇಲೆ ಕಾಲು ಗಂಟೆ

ಈ ಕಾಲು ಗಂಟೆ ತಪ್ಪಿದರೆ ಮೇಲಿನ ಆರೂ ಹೆಜ್ಜೆ ದಂಡ. ಬ್ಯಾಟರಿ ತೆಗೆಯಿರಿ. ಪೇಂಟ್ ಬ್ರಶ್ಶಿನಿಂದ ಮಣ್ಣು ಕೊಡವಿ. ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿ, ಕರಕರ ಅಂದರೆ ಬರೆದುಕೊಳ್ಳಿ. ಚಕ್ರದ ನಟ್ಟು, ಮೋಟಾರಿನ ತಿರುಪು, ಪಿನಿಯನ್ನಿನ ಗ್ರಬ್ ಸ್ಕ್ರೂ ಬಿಗಿ ನೋಡಿ.

ನೀರಲ್ಲಿ ಓಡಿಸಿದ್ದರೆ ಬೇರೆ ಮಾತು. "ವಾಟರ್‌ಪ್ರೂಫ್" ಅಂತ ಬರೆದಿರುವುದು ಎಲೆಕ್ಟ್ರಾನಿಕ್ಸ್‌ಗೆ ಮಾತ್ರ, ಬೇರಿಂಗಿಗಲ್ಲ. ಫ್ಯಾನ್ ಕೆಳಗೆ ಚೆನ್ನಾಗಿ ಒಣಗಿಸಿ, ಬೇರಿಂಗಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಡಿ. ತುಕ್ಕಿಗೆ ಹೊಡೆಯುವ ಸ್ಪ್ರೇ ನೀರನ್ನು ಓಡಿಸುತ್ತದೆ, ಸರಿ, ಆದರೆ ಅದನ್ನೇ ಬೇರಿಂಗಿನ ಎಣ್ಣೆ ಅಂದುಕೊಳ್ಳಬೇಡಿ. ಟೈರಿನೊಳಗಿನ ಸ್ಪಂಜು ನೀರು ಕುಡಿದಿರುತ್ತದೆ. ಟೈರಿನ ತೂತನ್ನು ಕೆಳಗೆ ಮಾಡಿ ಹಿಂಡಿ, ಎರಡು ದಿನ ಒಣಗಲು ಬಿಡಿ. ನನ್ನ ಮೂರು ಕಾರುಗಳ ಬೇರಿಂಗು ಸತ್ತದ್ದು ಜುಲೈನ ಒಂದೇ ಒಂದು ಕೆಸರಾಟಕ್ಕೆ.

ನೈಟ್ರೋ ಕಾರಿದ್ದರೆ (ಬ್ಯಾಟರಿಯ ಬದಲು ಮೆಥನಾಲ್ ಬೆರೆತ ಇಂಧನದಿಂದ ಓಡುವುದು) ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಉಳಿದ ಇಂಧನ ಸುಟ್ಟುಹೋಗುವಂತೆ ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ, ನಂತರ ಆಫ್ಟರ್-ರನ್ ಆಯಿಲ್ ಹಾಕಿ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಎಂಜಿನ್ ಒಳಗೆ ತುಕ್ಕು ಹಿಡಿಯುವುದು ಅದರಿಂದ. ನಿಜ ಹೇಳಬೇಕೆಂದರೆ, ಸಂಗ್ರಹ ದೊಡ್ಡದಾಗುತ್ತಿದ್ದರೆ ಒಂದಕ್ಕಿಂತ ಹೆಚ್ಚು ನೈಟ್ರೋ ಬೇಡ. ಅದು ಹಸು ಸಾಕಿದ ಹಾಗೆ, ರಜೆ ಕೊಡುವುದಿಲ್ಲ.

ಹೆಜ್ಜೆ 8: ಎತ್ತಿಡುವುದು

ಕಾರನ್ನು ಟೈರಿನ ಮೇಲೆ ನಿಲ್ಲಿಸಿಟ್ಟರೆ ತಿಂಗಳುಗಳಲ್ಲಿ ಸ್ಪಂಜು ಒಂದೇ ಕಡೆ ಚಪ್ಪಟೆಯಾಗುತ್ತದೆ. ಚಾಸಿಸ್ ಕೆಳಗೆ ಮರದ ತುಂಡೋ ಪಿವಿಸಿ ಪೈಪಿನ ತುಂಡೋ ಇಟ್ಟು ಚಕ್ರಗಳು ಗಾಳಿಯಲ್ಲಿರುವಂತೆ ಮಾಡಿ. ಬಾಡಿಗಳನ್ನು ಬಿಸಿಲು ಬೀಳದ ಕಡೆ ಗೋಡೆಗೆ ತೂಗುಹಾಕಿ. ಮಲೆನಾಡು, ಕರಾವಳಿಯವರು ಜೂನ್‌ಗೆ ಮುಂಚೆಯೇ ಮುಚ್ಚಳವಿರುವ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಇಲಿ ಕಾಟ ಇರುವ ಮನೆಯಾದರೆ ರಟ್ಟಿನ ಡಬ್ಬಿ ಖಂಡಿತ ಬೇಡ. ಸರ್ವೋದ ತಂತಿ ಅವಕ್ಕೆ ಸಂಡಿಗೆ ಇದ್ದ ಹಾಗೆ. ಕಾರು ಕೊಂಡಾಗ ಬಂದ ಖಾಲಿ ಡಬ್ಬಿಗಳನ್ನು ಮಡಚಿ ಅಟ್ಟಕ್ಕೆ ಹಾಕಿ, ಮಾರುವಾಗ ಬೆಲೆ ಬರುತ್ತದೆ.

ಹೆಜ್ಜೆ 9: ಸರದಿ

ರಿಜಿಸ್ಟರಿನಲ್ಲಿ "ಕೊನೆಗೆ ಓಡಿಸಿದ್ದು" ಅಂತ ಒಂದು ಕಲಮು ಮಾಡಿ. ಪ್ರತಿ ಸಲ ಹೊರಡುವಾಗ ಒಂದು ಇಷ್ಟದ ಕಾರು, ಒಂದು ಅತಿ ಹಳೆಯ ದಿನಾಂಕದ ಕಾರು. ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಎರಡು ಬ್ಯಾಟರಿಯಷ್ಟು ಓಡಿದರೆ ಸಾಕು, ಏನು ಕೆಟ್ಟಿದೆ ಗೊತ್ತಾಗುತ್ತದೆ. ಮೂರು ತಿಂಗಳಲ್ಲಿ ಸರದಿ ಬರದ ಕಾರು ಇದ್ದರೆ ನಿಮ್ಮ ಕೈಲಾಗುವುದಕ್ಕಿಂತ ಕಾರುಗಳು ಜಾಸ್ತಿ ಇವೆ. ನನ್ನ ಲೆಕ್ಕ 14ಕ್ಕೆ ನಿಂತದ್ದು ಹೀಗೆ.

ಹೆಜ್ಜೆ 10: ಕೊಳ್ಳುವುದು, ಕೊಡುವುದು

ಕೊಳ್ಳುವಾಗ ಕಾರಿನ ಬೆಲೆ ಮಾತ್ರ ನೋಡಬೇಡಿ. ರಿಸೀವರ್, ಪ್ಲಗ್, ಒಂದು ಜೊತೆ ಆರ್ಮ್, ಬೇರಿಂಗ್ ಸೆಟ್, ಬ್ಯಾಟರಿ ಕೂಡಿಸಿ ನೋಡಿ. ಅಷ್ಟಾದ ಮೇಲೂ ಬೇಕು ಅನ್ನಿಸಿದರೆ ತಗೊಳ್ಳಿ. ರಿಪೇರಿ ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಕಾರು ಇರುವಾಗ ಹೊಸದು ತರುವುದಿಲ್ಲ ಅನ್ನುವುದು ನನ್ನ ನೇಮ. ಎರಡು ಸಲ ಮುರಿದಿದ್ದೇನೆ.

ಹಳೆಯ ಕಾರುಗಳ ಮೋಹ ಇರುವವರು ಜಾಗ್ರತೆ. ತಮಿಯಾ ಮೊದಲ ಆರ್‌ಸಿ ಕಾರನ್ನು, ಪೋರ್ಷೆ 934, ತಂದದ್ದು 1976ರಲ್ಲಿ. ಆಮೇಲಿನ ಹೆಸರಾಂತ ಬಗ್ಗಿಗಳಲ್ಲಿ ಹಲವನ್ನು ಅವರೇ ಮತ್ತೆ ಅಚ್ಚುಹಾಕಿದ್ದಾರೆ. 1984ರ ಹಾರ್ನೆಟ್ 2004ರಲ್ಲಿ ಮರಳಿತು, 1979ರ ಸ್ಯಾಂಡ್ ಸ್ಕಾರ್ಚರ್ 2010ರಲ್ಲಿ. "ಎಂಬತ್ತರ ದಶಕದ ಅಸಲಿ" ಅಂತ ಕೇಳುವ ಬೆಲೆಗೆ ಬರುವುದು ಎಷ್ಟೋ ಸಲ ಮರುಅಚ್ಚಿನದು. ಓಡಿಸುವುದಕ್ಕಾದರೆ ಮರುಅಚ್ಚಿನದೇ ವಾಸಿ, ಭಾಗಗಳು ಸಿಗುತ್ತವೆ. ಬೆಲೆ ಮಾತ್ರ ಅದಕ್ಕೆ ತಕ್ಕ ಹಾಗೆ ಕೊಡಿ.

ಮಾರುವಾಗ ಕಾರನ್ನು ಓಡುವ ಸ್ಥಿತಿಗೆ ತಂದು, ಓಡುವ ವಿಡಿಯೋ ತೋರಿಸಿ. ಮುರಿದದ್ದನ್ನು ಮುಚ್ಚಿಡಬೇಡಿ, ಈ ಹವ್ಯಾಸದವರ ಲೋಕ ಚಿಕ್ಕದು. ಕೊರಿಯರಿನಲ್ಲಿ ಕಳಿಸುವುದಾದರೆ ಬ್ಯಾಟರಿ ತೆಗೆದಿಡಿ, ಲಿಪೋ ಕಳಿಸಲು ಬೇರೆಯೇ ನಿಯಮಗಳಿವೆ. ಆ ಕಾರಿನ ಪುಟದ ಫೋಟೋ ತೆಗೆದು ಕೊಂಡವರಿಗೆ ಕೊಡಿ, ಪುಟವನ್ನು ಹರಿಯಬೇಡಿ. ನಾನು ರಸ್ಟ್ಲರ್ ಮಾರಿ ಆರು ತಿಂಗಳಾದ ಮೇಲೆ ಒಂದು ರಾತ್ರಿ ಹತ್ತೂವರೆಗೆ ಫೋನು ಬಂತು: "ಸಾರ್, ಇದಕ್ಕೆ ಯಾವ ಬೇರಿಂಗು?" ಪುಸ್ತಕ ತೆಗೆದು ನಂಬರು ಹೇಳಿ ಮಲಗಿದೆ.